‘ಸ್ಟೇಬಲ್’ ಎಂದರೆ ಬದಲಾಗದ್ದು ಎಂದಲ್ಲ

ಕಾಲೇಜು ಗ್ರಂಥಾಲಯದ ಸರ್ವರಿನಲ್ಲಿ ಕೋಹಾ (ಗ್ರಂಥಾಲಯ ನಿರ್ವಹಣೆಯ ತಂತ್ರಾಂಶ) ಕೆಟ್ಟಿದೆ ಎಂದು ಕರೆ ಬಂದಾಗ ನಾನು ಮೊದಲು ತೆರೆದು ನೋಡುವುದು, ಅದರ ಪ್ಯಾಕೇಜುಗಳು, ಅಂದರೆ ತಂತ್ರಾಂಶವನ್ನು ಹಾಕಿಕೊಳ್ಳುವ ಕಡತಗಳು, ಎಲ್ಲಿಂದ ಬರಬೇಕೆಂದು ಬರೆದಿಟ್ಟ ಸಾಲನ್ನು. ಅದರ ಕೊನೆಯಲ್ಲಿ ಬಹುತೇಕ ‘ಸ್ಟೇಬಲ್’ ಎಂದಿರುತ್ತದೆ. ಸ್ಥಿರವಾದದ್ದನ್ನೇ ಹಾಕಿಕೊಂಡಿದ್ದೇವಲ್ಲ ಸರ್ ಎಂದು ಗ್ರಂಥಪಾಲಕರು ಪ್ರಾಮಾಣಿಕವಾಗಿಯೇ ಕೇಳುತ್ತಾರೆ.

‘ಸ್ಟೇಬಲ್’ ಎಂಬುದು ಯಾವುದೇ ಒಂದು ಆವೃತ್ತಿಯ ಹೆಸರಲ್ಲ. ಅದು ಕೈಮರ, ಅದರ ದಿಕ್ಕನ್ನು ಕೋಹಾ ಬಳಗದವರು ಕಾಲಕಾಲಕ್ಕೆ ತಿರುಗಿಸುತ್ತಾರೆ. ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರ್‌ನಲ್ಲಿ, ದೊಡ್ಡ ಆವೃತ್ತಿ ಹೊರಬರುತ್ತದೆ, 24.05 ಎಂದರೆ 2024ರ ಮೇ ತಿಂಗಳದ್ದು. 24.05.01, 24.05.02 ಎಂದು ಮುಂದುವರಿಯುವವು ಅದರ ತಿದ್ದುಪಡಿಗಳು, ಅವನ್ನು ಹಾಕಿಕೊಳ್ಳಲು ಹಿಂಜರಿಯಬೇಕಿಲ್ಲ. ಆದರೆ ‘ಸ್ಟೇಬಲ್’ ಎಂದು ಬರೆದಿಟ್ಟವರು ಭದ್ರತೆಯ ಸಣ್ಣ ಅಪ್‌ಡೇಟ್ ಎಂದುಕೊಂಡು ಅದೇ ಹಳೆಯ ಆಜ್ಞೆಯನ್ನು ಕೊಟ್ಟ ದಿನ ಕೈಮರ ತಿರುಗಿದ್ದರೆ, ಡೇಟಾಬೇಸಿನ ರಚನೆಯೇ ಬದಲಾಗಿರುತ್ತದೆ.

2017ರಲ್ಲಿ ಒಂದು ಕಾಲೇಜಿನಲ್ಲಿ ಹೀಗೇ ಆಯಿತು. 16.11ರಿಂದ 17.05ಕ್ಕೆ ಹೋದಾಗ ಪುಸ್ತಕಗಳ ವಿವರವಿರುವ ಮಾರ್ಕ್ ದಾಖಲೆಗಳ ಎಕ್ಸ್‌ಎಂಎಲ್ ರೂಪ ಡೇಟಾಬೇಸಿನ ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಸ್ಥಳಾಂತರಗೊಂಡಿತ್ತು. ಗ್ರಂಥಪಾಲಕಿ ವರ್ಷಗಟ್ಟಲೆ ತಿದ್ದಿ ತೀಡಿ ಇಟ್ಟುಕೊಂಡಿದ್ದ ವರದಿಗಳೆಲ್ಲ ಹಳೆಯ ಟೇಬಲನ್ನೇ ಹುಡುಕಿ, ಅಂಥ ಕಾಲಮ್ಮೇ ಇಲ್ಲವೆಂದು ನಿಂತುಬಿಟ್ಟವು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡದ ಭೇಟಿಗೆ ಪುಸ್ತಕಗಳ ಪಟ್ಟಿ ತೆಗೆಯಬೇಕಿದ್ದ ವಾರವದು. ಹಿಂದಿನ ಆವೃತ್ತಿಗೆ ಮರಳೋಣವೆಂದರೆ, ಬದಲಾದ ರಚನೆಯನ್ನು ಹಿಂದಕ್ಕೆ ತಿರುಗಿಸುವ ಆಜ್ಞೆ ಇಲ್ಲ. ಹಳೆಯ ಬ್ಯಾಕಪ್ ಹಾಕಬೇಕು, ಆಮೇಲೆ ಕೊಟ್ಟು ಪಡೆದ ಪುಸ್ತಕಗಳ ಲೆಕ್ಕವನ್ನು ಬಿಡಬೇಕು. ಕೊನೆಗೆ ಇಬ್ಬರೂ ಕುಳಿತು ವರದಿಗಳನ್ನು ಒಂದೊಂದಾಗಿ ತಿದ್ದಿದೆವು. ಅವರ ತಪ್ಪೇನೂ ಇರಲಿಲ್ಲ. ಆ ಪದ ಯಾರನ್ನಾದರೂ ದಾರಿ ತಪ್ಪಿಸುವಂಥದ್ದೇ.

ಹಾಗಾಗಿ ಆ ಸಾಲಿನಲ್ಲಿ ‘ಸ್ಟೇಬಲ್’ ಬದಲು ಆವೃತ್ತಿಯ ಸಂಖ್ಯೆಯನ್ನೇ ಬರೆಯಿರಿ ಎಂದು ಹೇಳುತ್ತೇನೆ. ಹಾಗೆಂದು ಒಂದೇ ಸಂಖ್ಯೆಗೆ ಅಂಟಿಕೊಂಡು ವರ್ಷಗಟ್ಟಲೆ ಕೂರಲೂ ಆಗದು, ಹಳೆಯದಕ್ಕೆ ಭದ್ರತಾ ತಿದ್ದುಪಡಿಗಳು ಒಂದು ದಿನ ನಿಂತೇ ನಿಲ್ಲುತ್ತವೆ. ಸೆಮಿಸ್ಟರ್ ರಜೆಯಲ್ಲಿ, ಬ್ಯಾಕಪ್ಪನ್ನು ಬೇರೊಂದು ಯಂತ್ರದಲ್ಲಿ ಹಾಕಿ, ಅಲ್ಲಿ ಹೊಸ ಆವೃತ್ತಿಗೆ ಏರಿಸಿ, ನಿಮ್ಮ ವರದಿಗಳನ್ನು ಓಡಿಸಿ ನೋಡಿದ ಮೇಲೆ ಸಂಖ್ಯೆ ಬದಲಿಸಿ. ಆ ಗ್ರಂಥಪಾಲಕಿ ಈಗ ಹಳೆಯ ಡೆಸ್ಕ್‌ಟಾಪ್ ಒಂದನ್ನು ಇದಕ್ಕೆಂದೇ ಮೀಸಲಿಟ್ಟಿದ್ದಾರೆ.