ಕಾರ್ಪೊರೇಷನ್ ಬರುವ ಮುಂಚೆ ಬೆಂಗಳೂರು ಮುನ್ಸಿಪಾಲಿಟಿಗೆ ಏನು ಕೆಲಸ ಇತ್ತು?

ಪ್ರಶ್ನೆ: ಮೇಯರ್, ಕಾರ್ಪೊರೇಟರ್ ಇವೆಲ್ಲ ಈಚಿನದು ಅಂತ ಕೇಳಿದ್ದೇನೆ. ಅದಕ್ಕೂ ಮುಂಚೆ, ಬೆಂಗಳೂರು ಇನ್ನೂ ಸಣ್ಣ ಊರಾಗಿದ್ದಾಗ, ಮುನ್ಸಿಪಾಲಿಟಿ ಸದಸ್ಯರು ಸಭೆ ಸೇರಿ ಮಾಡುತ್ತಿದ್ದುದಾದರೂ ಏನು? ಅವರಿಗೆ ನಿಜವಾಗಿ ಅಧಿಕಾರ ಇತ್ತಾ, ಇಲ್ಲ ಸುಮ್ನೆ ಹೆಸರಿಗಾ?

ಉತ್ತರ: ಈ ಪ್ರಶ್ನೆಯನ್ನು ಬಹಳ ಜನ ಕೇಳುತ್ತಾರೆ. ಚರಂಡಿ, ಕಕ್ಕಸು, ದೀಪ, ನೀರು, ಮಾರ್ಕೆಟ್ಟು, ಸುಂಕ. ಅವರ ಕೆಲಸ ಹೆಚ್ಚುಕಡಿಮೆ ಇಷ್ಟೇ. ಇದರಲ್ಲಿ ದುಡ್ಡು ತರುವ ಬಾಬ್ತು ಕಡಿಮೆ, ತಿನ್ನುವ ಬಾಬ್ತು ಜಾಸ್ತಿ. ಕೈಗೆ ಬಂದ ದುಡ್ಡನ್ನು ಸ್ವಲ್ಪ ದೊಡ್ಡದಾಗಿ ಖರ್ಚು ಮಾಡಬೇಕೆಂದರೂ ಮೇಲಿನವರ ಒಪ್ಪಿಗೆ ಬೇಕಿತ್ತು. ಹಾಗಾಗಿ ಅಧಿಕಾರ ಇತ್ತು ಅಂದರೂ ಸರಿ, ಇರಲಿಲ್ಲ ಅಂದರೂ ಸರಿ.

ಮೊದಲು ಶುರುವಾದದ್ದು ಹೇಗೆ ನೋಡೋಣ. 1862ರಲ್ಲಿ ಮೈಸೂರು ಸೀಮೆ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು. ಪಟ್ಟಣಗಳ ಸುಧಾರಣೆಗೆಂದು 1850ರಲ್ಲಿ ಮಾಡಿದ್ದ ಕಾಯ್ದೆಯ ಪ್ರಕಾರ 1862ರ ಮಾರ್ಚ್‌ನಲ್ಲಿ ಪೇಟೆಯ ಒಂಬತ್ತು ಜನ ಗಣ್ಯರನ್ನು ಸೇರಿಸಿ ಒಂದು ಮಂಡಳಿ ಮಾಡಿದರು. ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆ, ತರಗುಪೇಟೆಗಳ ಆ ಬೆಂಗಳೂರಿಗೆ ಅದೇ ಮುನ್ಸಿಪಾಲಿಟಿ. ಅದರ ಬೆನ್ನಿಗೇ ದಂಡಿನ ಪ್ರದೇಶಕ್ಕೂ, ಅಂದರೆ ಬ್ರಿಟಿಷ್ ಸೈನ್ಯವಿದ್ದ ಕಂಟೋನ್ಮೆಂಟಿಗೂ, ಇನ್ನೊಂದು ಮಂಡಳಿ ಬಂತು. ಆ ಕಥೆ ಆಮೇಲೆ ಹೇಳುತ್ತೇನೆ. 1880ರ ದಶಕದ ಆರಂಭದಲ್ಲಿ ತೆರಿಗೆ ಕಟ್ಟುವವರಿಗೆ ಓಟು ಸಿಕ್ಕಿತು. ತೆರಿಗೆ ಕಟ್ಟುವವರಿಗೆ ಮಾತ್ರ, ನೆನಪಿರಲಿ. ಅಧ್ಯಕ್ಷರ ಕುರ್ಚಿಯಲ್ಲಿ ಬಹಳ ಕಾಲ ಸರ್ಕಾರಿ ಅಧಿಕಾರಿಯೇ ಕೂರುತ್ತಿದ್ದರು. ಅಧ್ಯಕ್ಷರನ್ನು ಸದಸ್ಯರೇ ಆರಿಸುವ ಪದ್ಧತಿ 1920ರಲ್ಲಿ ಬಂತು.

ಇನ್ನು ದುಡ್ಡಿನ ವಿಷಯ. ಮನೆ ಕಂದಾಯ ಇತ್ತು. ಅಂಗಡಿ, ಮಗ್ಗ, ಕಸುಬುಗಳ ಮೇಲೆ ಮೊಹತರ್ಫಾ ಎಂಬ ಹಳೇ ತೆರಿಗೆ ಇತ್ತು. ಲೈಸೆನ್ಸ್ ಫೀಜು, ಮಾರ್ಕೆಟ್ ಬಾಡಿಗೆ, ದಂಡ ಇವೂ ಒಂದಿಷ್ಟು. ಆದರೆ ಮುನ್ಸಿಪಾಲಿಟಿಯ ಜೀವ ಇದ್ದದ್ದು ಆಕ್ಟ್ರಾಯ್‌ನಲ್ಲಿ, ಅಂದರೆ ಊರೊಳಗೆ ಬರುವ ಸರಕಿನ ಮೇಲಿನ ಸುಂಕದಲ್ಲಿ. ಮಾಗಡಿ ಕಡೆಯಿಂದಲೋ ಕನಕಪುರದ ಕಡೆಯಿಂದಲೋ ಬೆಳಗಿನ ಜಾವ ಬಂದ ಎತ್ತಿನ ಗಾಡಿ ಊರಂಚಿನ ನಾಕಾದಲ್ಲಿ ನಿಲ್ಲಬೇಕು. ಗುಮಾಸ್ತ ಬಂದು ಮೂಟೆ ಎಣಿಸುತ್ತಾನೆ. ತುಪ್ಪದ ಡಬ್ಬವೋ, ಅಡಿಕೆಯೋ, ಹೊಗೆಸೊಪ್ಪೋ ನೋಡಿ ಅದರದರ ದರ ಹಾಕುತ್ತಾನೆ. ದುಡ್ಡು ಕೊಟ್ಟು ರಸೀದಿ ತಗೊಂಡ ಮೇಲೆ ಗಾಡಿ ಮುಂದೆ ಹೋಗುತ್ತದೆ. ಸರಕು ಊರೊಳಗೆ ಮಾರಾಟಕ್ಕಲ್ಲ, ಹಾದು ಹೋಗುತ್ತದೆ ಅಷ್ಟೇ ಅಂದರೆ ಅದಕ್ಕೆ ಬೇರೆ ಲೆಕ್ಕ, ವಾಪಸು ಅರ್ಜಿ, ಮತ್ತೆ ಓಡಾಟ.

ಈ ವ್ಯವಸ್ಥೆಯಲ್ಲಿ ಎಷ್ಟು ಜಗಳಕ್ಕೆ ಜಾಗ ಇತ್ತು ಅಂತ ನೀವೇ ಊಹಿಸಿಕೊಳ್ಳಿ. ಯಾವ ಸರಕಿಗೆ ಎಷ್ಟು ದರ, ತೂಕದ ಮೇಲೋ ಬೆಲೆಯ ಮೇಲೋ, ನಾಕಾ ಎಲ್ಲಿರಬೇಕು, ಕಳ್ಳದಾರಿಯಲ್ಲಿ ಬಂದವನಿಗೆ ಏನು ದಂಡ, ಎಲ್ಲವೂ ಸಭೆಯ ಮುಂದೆ ಬರುವ ವಿಷಯವೇ. ಸಭೆಯಲ್ಲಿ ಕೂತವರಲ್ಲಿ ವ್ಯಾಪಾರಿಗಳೂ ಇರುತ್ತಿದ್ದರು. ಸುಂಕ ಏರಿಸುವ ಠರಾವಿಗೆ ಅವರು ಎಷ್ಟು ಉತ್ಸಾಹದಿಂದ ಕೈ ಎತ್ತಿರಬಹುದು! ಇತ್ತ ಮನೆ ಕಂದಾಯ ಏರಿಸೋಣ ಅಂದರೆ, ಓಟು ಹಾಕುವವರೇ ಮನೆ ಮಾಲೀಕರು. ನನ್ನ ಪ್ರಕಾರ ಆ ಕಾಲದ ಮುನ್ಸಿಪಾಲಿಟಿಗಳು ಸದಾ ಬಡವಾಗಿಯೇ ಉಳಿದದ್ದಕ್ಕೆ ಇದೇ ಮುಖ್ಯ ಕಾರಣ. ಮಾಗಡಿ ರಸ್ತೆಯ ಟೋಲ್‌ಗೇಟ್, ಅಲ್ಲಿಂದ ಮುಂದೆ ಸುಂಕದಕಟ್ಟೆ, ಇವು ಇವತ್ತಿಗೂ ಬಸ್ ನಿಲ್ದಾಣಗಳ ಹೆಸರು.

ಖರ್ಚಿನ ಕಡೆ ಬಂದರೆ ಮೊದಲ ಸ್ಥಾನ ಹೊಲಸಿಗೆ. ನೆಲದಡಿಯ ಒಳಚರಂಡಿ ಇಲ್ಲದ ಕಾಲ. ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆಯ ಹಳೇ ಭಾಗಗಳಲ್ಲಿ ಎರಡು ಸಾಲು ಮನೆಗಳ ಬೆನ್ನು ಸೇರುವ ಕಡೆ ಉದ್ದನೆಯ ಇಕ್ಕಟ್ಟು ಸಂದಿ ನೋಡಿರುತ್ತೀರಿ. ಅದಕ್ಕೆ ಕನ್ಸರ್ವೆನ್ಸಿ ಲೇನ್ ಅನ್ನುತ್ತಾರೆ. ಈಗ ಅಲ್ಲಿ ಸ್ಕೂಟರ್ ನಿಲ್ಲಿಸುತ್ತಾರೆ, ಕೆಲವೆಡೆ ಒತ್ತುವರಿಯೂ ಆಗಿದೆ. ಆಗ ಅದು ಮಲ ಹೊರುವವರ ದಾರಿ. ಹಿತ್ತಿಲ ಕಕ್ಕಸಿಗೆ ಆ ಕಡೆಯಿಂದ, ನೆಲಮಟ್ಟದಲ್ಲಿ ಒಂದು ಸಣ್ಣ ಬಾಗಿಲು. ಬಗ್ಗಿ ಅದರಿಂದ ಬಕೆಟ್ ಎಳೆದು, ಗಾಡಿಗೆ ಸುರಿದು ಊರಾಚೆ ಸಾಗಿಸಬೇಕು. ಮನೆಯವರು ಅವರ ಮುಖವನ್ನೂ ನೋಡದ ಹಾಗೆ ಊರನ್ನೇ ಕಟ್ಟಿದ್ದರು. ಇಂಥ ಕೆಲಸಕ್ಕೆ ಬಂದವರಲ್ಲಿ ತೆಲುಗು ಸೀಮೆಯಿಂದ ಬಂದ ದಲಿತ ಕುಟುಂಬಗಳು ಬಹಳ. ಅವರ ಸಂಬಳ, ಗಾಡಿ, ಎತ್ತು, ಅದರ ಹುಲ್ಲು, ಮೇಸ್ತ್ರಿ ಎಲ್ಲವನ್ನೂ ತೀರ್ಮಾನಿಸುತ್ತಿದ್ದುದು ಸಭೆ. ಆ ಸಭೆಗೆ ಓಟು ಹಾಕುವ ಹಕ್ಕು ಮಾತ್ರ ಅವರಿಗಿರಲಿಲ್ಲ, ಕಂದಾಯ ಕಟ್ಟುವ ಮನೆ ಇದ್ದರೆ ತಾನೇ? ತಲೆಯ ಮೇಲೆ ಮಲ ಹೊರುವುದನ್ನು ನಮ್ಮ ರಾಜ್ಯ ನಿಷೇಧಿಸಿದ್ದು 1970ರ ದಶಕದಲ್ಲಿ, ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ.

ಪೇಟೆಯೊಳಗೆ ಇನ್ನೊಂದು ದಿನನಿತ್ಯದ ತಕರಾರು ಜಗಲಿಯದ್ದು. ಜಗಲಿ ಸ್ವಲ್ಪ ಮುಂದೆ ಬರುತ್ತದೆ, ಚರಂಡಿ ಮುಚ್ಚುತ್ತದೆ, ಮಳೆ ಬಂದರೆ ಪಕ್ಕದ ಮನೆಗೆ ನೀರು. ಅರ್ಜಿ, ನೋಟಿಸು, ಸ್ಥಳ ಪರಿಶೀಲನೆ, ಮಹಜರು. ಇದರ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ, ಇವತ್ತಿನ ವಾರ್ಡ್ ಆಫೀಸಿಗೆ ಹೋಗಿ ನೋಡಿ, ಅದೇ ನಡೆಯುತ್ತಿದೆ. ಜನನ ಮರಣ ಬರೆದಿಡುವುದು, ಸಿಡುಬಿಗೆ ದೇವಿ ಹಾಕಿಸುವುದು, ಕಸಾಯಿಖಾನೆ, ಜಟಕಾ ಲೈಸೆನ್ಸು, ಬೀದಿನಾಯಿ, ಇವೂ ಪಟ್ಟಿಯಲ್ಲಿದ್ದವು.

ದೀಪ ಅಂದರೆ ಸೀಮೆಎಣ್ಣೆ ದೀಪ. ಸಂಜೆ ಏಣಿ ಹಿಡಿದು ಕಂಬದಿಂದ ಕಂಬಕ್ಕೆ ಹೋಗಿ ಹಚ್ಚಬೇಕು. ಬೆಳದಿಂಗಳಿದ್ದರೆ ಹಚ್ಚದೇ ಎಣ್ಣೆ ಉಳಿಸುವುದು ಆಗಿನ ಮುನ್ಸಿಪಾಲಿಟಿಗಳಲ್ಲಿ ಮಾಮೂಲು. ಮೋಡ ಕವಿದರೆ ಕತ್ತಲೆಯೇ ಗತಿ. 1905ರ ಆಗಸ್ಟ್ 5ರಂದು ಶಿವನಸಮುದ್ರದ ಕರೆಂಟಿನಿಂದ ಮಾರ್ಕೆಟ್ ಹತ್ತಿರ ಬೀದಿದೀಪ ಉರಿದವು. ಏಷ್ಯಾದಲ್ಲೇ ಇದು ಮೊದಲು ಅಂತ ಎಲ್ಲರೂ ಬರೆಯುತ್ತಾರೆ. ಕಲ್ಕತ್ತದ ಹ್ಯಾರಿಸನ್ ರಸ್ತೆಯಲ್ಲಿ 1890ರ ದಶಕದಲ್ಲೇ ವಿದ್ಯುತ್ ದೀಪಗಳಿದ್ದವು, ಆ ಹೆಗ್ಗಳಿಕೆಯನ್ನು ನಾವು ಬಿಟ್ಟುಕೊಡುವುದೇ ಲೇಸು.

ನೀರಿನ ಕಥೆ ಇದಕ್ಕಿಂತ ಗಂಭೀರ. ಪೇಟೆಗೆ ಧರ್ಮಾಂಬುಧಿ ಕೆರೆಯ ನೀರು ಕಾಲುವೆಯಲ್ಲಿ ಹರಿದು ಕಾರಂಜಿಗಳೆಂಬ ತೊಟ್ಟಿಗಳಿಗೆ ಬರುತ್ತಿತ್ತು. ಆ ಕೆರೆಯಿದ್ದ ಜಾಗವೇ ಈಗಿನ ಮೆಜೆಸ್ಟಿಕ್ ಬಸ್ ಸ್ಟ್ಯಾಂಡು. 1876-78ರ ಬರದಲ್ಲಿ ಕೆರೆಗಳನ್ನೇ ನಂಬಿದ್ದರ ಕಷ್ಟ ಗೊತ್ತಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1890ರ ದಶಕದ ನಡುವೆ, ಹೆಸರಘಟ್ಟದಿಂದ ಪೈಪಿನಲ್ಲಿ ನೀರು ಬಂತು. ಗಮನಿಸಿ, ಇದನ್ನು ಮಾಡಿಸಿದ್ದು ಸರ್ಕಾರ. ಬೀದಿ ನಲ್ಲಿ ಯಾವ ಮೂಲೆಯಲ್ಲಿರಬೇಕು ಅನ್ನುವ ಜಗಳ ಮುನ್ಸಿಪಾಲಿಟಿಯ ಪಾಲಿಗೆ.

1898ರ ಆಗಸ್ಟ್‌ನಲ್ಲಿ ಪ್ಲೇಗು ಬಂದಾಗ ಈ ಮಿತಿ ಇನ್ನೂ ಸ್ಪಷ್ಟವಾಯಿತು. ಮನೆ ಹೊಕ್ಕು ತಪಾಸಣೆ, ಹೆಂಚು ತೆಗೆಸಿ ಬಿಸಿಲು ಬಿಡುವುದು, ಸೋಂಕಿನ ಮನೆಯವರನ್ನು ಊರಾಚೆಯ ಶೆಡ್ಡುಗಳಿಗೆ ಕಳಿಸುವುದು. ಇದಕ್ಕೆಲ್ಲ ಮೈಸೂರು ಸರ್ಕಾರ ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಆಗಿ ನೇಮಿಸಿತು. ಪೇಟೆ, ದಂಡು ಸೇರಿ 1891ರಲ್ಲಿ 1,80,366 ಇದ್ದ ಜನಸಂಖ್ಯೆ 1901ರಲ್ಲಿ 1,59,046ಕ್ಕೆ ಇಳಿದಿತ್ತು. ಸತ್ತವರು, ಊರು ಬಿಟ್ಟು ಓಡಿದವರು ಇಬ್ಬರೂ ಈ ಲೆಕ್ಕದಲ್ಲಿದ್ದಾರೆ. ಇಕ್ಕಟ್ಟಿನ ಪೇಟೆ ಬಿಟ್ಟು ಮಲ್ಲೇಶ್ವರ, ಬಸವನಗುಡಿಗೆ ಜನ ಹೊರಟದ್ದು ಆಗಲೇ. ಸಭೆಗೆ ಹೊಸ ಬಡಾವಣೆ, ಹೊಸ ಚರಂಡಿ, ಹೊಸ ಅರ್ಜಿದಾರರು.

ಈಗ ದಂಡಿನ ಕಥೆ. 1881ರಲ್ಲಿ ಮೈಸೂರು ಒಡೆಯರಿಗೆ ರಾಜ್ಯ ವಾಪಸಾಯಿತು. ದಂಡು ಮಾತ್ರ ಬ್ರಿಟಿಷ್ ಸರ್ಕಾರದ ಪ್ರತಿನಿಧಿಯಾದ ರೆಸಿಡೆಂಟರ ಕೈಯಲ್ಲೇ ಉಳಿಯಿತು. ಮುನ್ಸಿಪಾಲಿಟಿ ಮೊದಲೇ ಎರಡಿತ್ತು, ಅಲ್ಲಿಂದ ಒಂದೇ ಊರಿಗೆ ಎರಡು ಸರ್ಕಾರ, ಎರಡು ಕಾನೂನು, ಎರಡು ಕಂದಾಯ. ನಡುವೆ ಕಬ್ಬನ್ ಪಾರ್ಕು. ಶಿವಾಜಿನಗರದ ರಸೆಲ್ ಮಾರ್ಕೆಟ್ ದಂಡಿನ ಮುನ್ಸಿಪಾಲಿಟಿಯ ಕಾಲದ್ದು, ಅಲ್ಲಿನ ಮುನ್ಸಿಪಲ್ ಕಮಿಷನರ್ ಟಿ.ಬಿ. ರಸೆಲ್ ಹೆಸರಿನದು. ಪೇಟೆ ಕಡೆಯ ಅಧ್ಯಕ್ಷರಾಗಿದ್ದ ಕೆ.ಪಿ. ಪುಟ್ಟಣ್ಣ ಚೆಟ್ಟರ ಹೆಸರು ಟೌನ್ ಹಾಲ್‌ಗಿದೆ, ಅದು 1935ರಲ್ಲಿ ಬಾಗಿಲು ತೆರೆಯಿತು. ಟೌನ್ ಹಾಲ್ ಅಂದರೆ ಎಲ್ಲರಿಗೂ ಗೊತ್ತು, ಪುಟ್ಟಣ್ಣ ಚೆಟ್ಟರು ಯಾರು ಅಂದರೆ ಎಷ್ಟು ಜನಕ್ಕೆ ಗೊತ್ತು, ಅಲ್ವಾ?

ದಂಡು 1947ರಲ್ಲಿ ಮೈಸೂರಿಗೆ ಮರಳಿತು. 1949ರ ಡಿಸೆಂಬರ್‌ನಲ್ಲಿ ಎರಡು ಮುನ್ಸಿಪಾಲಿಟಿಗಳೂ ಸೇರಿ ಬೆಂಗಳೂರು ಕಾರ್ಪೊರೇಷನ್ ಆಯಿತು. ಆಕ್ಟ್ರಾಯ್ ಆಮೇಲೂ ಮೂವತ್ತು ವರ್ಷ ನಡೆದು 1979ರಲ್ಲಿ ರದ್ದಾಯಿತು. ಸಣ್ಣ ಊರಿನ ಪುರಸಭೆ ಹೇಗಿರುತ್ತದೆ ಅಂತ ಬೆಂಗಳೂರಿನವರು ಕಣ್ಣಾರೆ ನೋಡಿದ್ದೂ ತೀರಾ ಹಿಂದಲ್ಲ. ಕೆಂಗೇರಿಗೆ ಸ್ವಂತ ಪುರಸಭೆ, ಯಲಹಂಕ, ಕೆ.ಆರ್. ಪುರ, ದಾಸರಹಳ್ಳಿ ಮುಂತಾದ ಏಳು ಕಡೆ ನಗರಸಭೆ ಇದ್ದವು. 2007ರಲ್ಲಿ ಎಲ್ಲವೂ ಬಿಬಿಎಂಪಿಯಲ್ಲಿ ಸೇರಿಹೋದವು.

ಹಳೇ ಕಾಗದ ಪತ್ರ ನೋಡುವ ಆಸೆ ಇದ್ದರೆ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸರ್ಕಾರದ ಕಡತಗಳಲ್ಲಿ ಮುನ್ಸಿಪಲ್ ವಿಷಯದವನ್ನು ಕೇಳಿ. ಹೆಚ್ಚಿನವು ಇಂಗ್ಲಿಷಿನಲ್ಲಿವೆ. ಹೋಗುವ ಮುಂಚೆ ನಿಮಗೆ ಬೇಕಾದ ಬೀದಿ ಪೇಟೆ ಕಡೆಯದೋ ದಂಡಿನ ಕಡೆಯದೋ ಖಚಿತ ಮಾಡಿಕೊಳ್ಳಿ. ಎರಡಕ್ಕೂ ಸರ್ಕಾರವೇ ಬೇರೆ ಇದ್ದದ್ದರಿಂದ ಹುಡುಕುವ ಕಡತಗಳೂ ಬೇರೆ ಬೇರೆ.