ಬೇಟೆಗೂ ಗುರಿ ಅಭ್ಯಾಸಕ್ಕೂ ಒಂದೇ ಸ್ಕೋಪ್ ಸಾಕೇ?

ಪ್ರಶ್ನೆ: ನನ್ನ ಬಳಿ ಇರುವುದು ಒಂದೇ ರೈಫಲ್. ಬೇಟೆಗೆ ಅನುಮತಿ ಇರುವ ಋತುವಿನಲ್ಲಿ ಅದನ್ನು ಕಾಡಿಗೆ ಒಯ್ಯುತ್ತೇನೆ. ಉಳಿದ ದಿನಗಳಲ್ಲಿ ರೇಂಜಿನಲ್ಲಿ 100ರಿಂದ 300 ಮೀಟರ್ ದೂರದ ಕಾಗದದ ಗುರಿಗೆ ಹೊಡೆಯುತ್ತೇನೆ. ಎರಡಕ್ಕೂ ಹೊಂದುವ ಒಂದು ಸ್ಕೋಪ್ (ಗುರಿ ಹಿಡಿಯಲು ರೈಫಲ್ ಮೇಲೆ ಕೂರಿಸುವ ದೂರದರ್ಶಕ) ಕೊಳ್ಳಬೇಕು. ಕೆಲವರು 3-9×40 ಧಾರಾಳವಾಯಿತು ಎನ್ನುತ್ತಾರೆ. ಇನ್ನು ಕೆಲವರು 6-24×50 ಇಲ್ಲದೆ ಗುರಿ ಅಭ್ಯಾಸವೇ ಆಗದು ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಈ ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ಕಣ್ಣು ಮುಚ್ಚಿಕೊಂಡು ಮೊದಲನೆಯದನ್ನು ಆರಿಸಿ. ಸ್ವಲ್ಪ ಸ್ವಾತಂತ್ರ್ಯವಿದ್ದರೆ ಕನಿಷ್ಠ ವರ್ಧನೆ 2.5 ಅಥವಾ 3, ಗರಿಷ್ಠ 10ರಿಂದ 15ರ ನಡುವೆ, ಮುಂದಿನ ಲೆನ್ಸ್ 42 ಅಥವಾ 44 ಮಿಲಿಮೀಟರ್, ಪಕ್ಕದಲ್ಲಿ ಪ್ಯಾರಲಾಕ್ಸ್ (ತಲೆ ಅಲುಗಿದರೆ ಗುರಿಗೆರೆ ಸರಿದಂತೆ ಕಾಣುವ ದೋಷ) ಸರಿಪಡಿಸುವ ಗುಬುಟು ಇರುವ ಸ್ಕೋಪನ್ನು ಹುಡುಕಿ. ಆತುರವಿದ್ದವರು ಇಲ್ಲಿಗೇ ನಿಲ್ಲಿಸಬಹುದು. ಕಾರಣ ಬೇಕಿದ್ದವರಿಗಾಗಿ ಮುಂದಿನ ಮಾತು.

3-9×40 ಎಂದರೆ ನೋಟವನ್ನು 3 ಪಟ್ಟಿನಿಂದ 9 ಪಟ್ಟಿನವರೆಗೆ ಹಿಗ್ಗಿಸಬಹುದು, ಮುಂದಿನ ಲೆನ್ಸಿನ ವ್ಯಾಸ 40 ಮಿಲಿಮೀಟರ್ ಎಂದರ್ಥ. ಕೊಳ್ಳುವವರೆಲ್ಲ ಎರಡನೆಯ ಅಂಕಿಯನ್ನು ನೋಡುತ್ತಾರೆ. ಎರಡೂ ಕೆಲಸಕ್ಕೆ ಬೇಕಾದ ಸ್ಕೋಪನ್ನು ಮೊದಲನೆಯ ಅಂಕಿಯಿಂದ ಅಳೆಯಬೇಕು ಎಂಬುದು ನನ್ನ ವಾದ. ಏಕೆಂದರೆ ಗರಿಷ್ಠ ವರ್ಧನೆ ಕಡಿಮೆಯಾದರೆ ಕಾಗದದ ಮೇಲೆ ಒಂದೆರಡು ಅಂಕ ಹೋಗಬಹುದು. ಕನಿಷ್ಠ ವರ್ಧನೆ ಹೆಚ್ಚಾದರೆ ಕಾಡಿನಲ್ಲಿ ಕೆಲಸವೇ ಕೆಡುತ್ತದೆ.

ಲೆಕ್ಕ ಹಾಕಿ ನೋಡೋಣ. 3 ಪಟ್ಟಿನಲ್ಲಿ 100 ಮೀಟರ್ ದೂರದಲ್ಲಿ ಸುಮಾರು 11 ಮೀಟರ್ ಅಗಲದ ಜಾಗ ಕಾಣುತ್ತದೆ. 6 ಪಟ್ಟಿಗೆ ಏರಿಸಿದರೆ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಈಗ ಪ್ರಾಣಿ 30 ಮೀಟರ್ ದೂರದ ಪೊದೆಯಿಂದ ಹೊರಬಂತು ಎಂದುಕೊಳ್ಳಿ. 3 ಪಟ್ಟಿನಲ್ಲಿ ನಿಮಗೆ ಮೂರು ಮೀಟರಿಗೂ ಹೆಚ್ಚು ಅಗಲದ ನೋಟವಿರುತ್ತದೆ, 6ರಲ್ಲಿ ಒಂದೂವರೆ ಮೀಟರಿನಷ್ಟು ಮಾತ್ರ. ಅಷ್ಟರಲ್ಲಿ ಕಾಣುವುದು ಬರೀ ಕಂದು ರೋಮ. ಅದು ಭುಜವೋ ತೊಡೆಯೋ ಎಂದು ತೀರ್ಮಾನಿಸುವ ಹೊತ್ತಿಗೆ ಪ್ರಾಣಿ ನಾಲ್ಕು ಹೆಜ್ಜೆ ಮುಂದಿರುತ್ತದೆ. ಅದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ: ಗುರಿಯ ಹಿಂದೆ, ಪಕ್ಕದಲ್ಲಿ ಯಾರಿದ್ದಾರೆ, ಏನಿದೆ ಎಂಬುದು ಕಾಣದೆ ಕುದುರೆ ಒತ್ತುವುದು ಅಪರಾಧಕ್ಕೆ ಸಮ. ಇಕ್ಕಟ್ಟಾದ ನೋಟ ಆ ಎಚ್ಚರವನ್ನು ಕಸಿದುಕೊಳ್ಳುತ್ತದೆ.

ಇನ್ನು ಗುರಿ ಅಭ್ಯಾಸಕ್ಕೆ 24 ಪಟ್ಟು ಬೇಕೇಬೇಕು ಎಂಬ ಮಾತು. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ 300 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10 ಸೆಂಟಿಮೀಟರ್. ಅದಕ್ಕೆ ಗುರಿಯಿಡುವುದು ದೂರದರ್ಶಕವಿಲ್ಲದೆ, ಸಣ್ಣ ರಂಧ್ರದ ಸೈಟಿನ ಮೂಲಕ. (ನಿಮಗೆ ಆ ಬಗೆಯ ಸ್ಪರ್ಧೆಯ ಕಡೆಗೆ ಒಲವಿದ್ದರೆ ಸ್ಕೋಪಿನ ವಿಚಾರವನ್ನೇ ಬಿಡಿ, ಅಲ್ಲಿ ಅದಕ್ಕೆ ಪ್ರವೇಶವಿಲ್ಲ.) ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಮರೀನ್ ಪಡೆಯ ಗುರಿಕಾರರು ಎಂ40 ರೈಫಲ್ ಮೇಲೆ ಬಳಸಿದ್ದು ರೆಡ್‌ಫೀಲ್ಡ್ ಕಂಪನಿಯ 3-9 ಸ್ಕೋಪ್. 300 ಮೀಟರಿಗೆ 10 ಅಥವಾ 12 ಪಟ್ಟು ಸಾಲುವುದಿಲ್ಲ ಎನ್ನುವವರ ಅಸಲಿ ಆಸೆ ಗುರಿ ಹಿಡಿಯುವುದಲ್ಲ, ಗುಂಡು ಮಾಡಿದ ತೂತನ್ನು ಎದ್ದು ಹೋಗದೆ ನೋಡುವುದು. ಅದು ನ್ಯಾಯವಾದ ಆಸೆಯೇ. ಆದರೆ ಅದಕ್ಕೆ ಮುಕ್ಕಾಲಿಯ ಮೇಲೆ ಪ್ರತ್ಯೇಕವಾಗಿ ಇಡುವ ಸ್ಪಾಟಿಂಗ್ ಸ್ಕೋಪ್ ಇದೆ. ವರ್ಧನೆ ಏರಿದಂತೆ ಗುರಿ ಮಾತ್ರ ಹಿಗ್ಗುವುದಿಲ್ಲ. ನಿಮ್ಮ ಕೈನಡುಕ, ಎದೆಬಡಿತ, ಬಿಸಿಲಿಗೆ ನೆಲದಿಂದೇಳುವ ಗಾಳಿಯ ಅಲೆ ಎಲ್ಲವೂ ಹಿಗ್ಗುತ್ತವೆ. ಮಧ್ಯಾಹ್ನದ ರೇಂಜಿನಲ್ಲಿ 24 ಪಟ್ಟಿನ ನೋಟ ಕುದಿಯುವ ನೀರಿನೊಳಗೆ ಇಣುಕಿದಂತಿರುತ್ತದೆ. ಹೆಚ್ಚಿನವರು ಆಗ ತಾವಾಗಿಯೇ 12ಕ್ಕೆ ಇಳಿಸಿಕೊಳ್ಳುತ್ತಾರೆ.

ಬೆಳಕಿನ ಲೆಕ್ಕವೂ ಇದೇ ದಿಕ್ಕಿಗೆ ಒಯ್ಯುತ್ತದೆ. ಮುಂದಿನ ಲೆನ್ಸಿನ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಕಣ್ಣಿನ ಕಡೆ ಹೊರಬರುವ ಬೆಳಕಿನ ಕಟ್ಟಿನ ಅಗಲ ಸಿಗುತ್ತದೆ. 40ನ್ನು 9ರಿಂದ ಭಾಗಿಸಿದರೆ 4.4 ಮಿಲಿಮೀಟರ್, 50ನ್ನು 24ರಿಂದ ಭಾಗಿಸಿದರೆ ಬರೀ 2.1. ಮುಸ್ಸಂಜೆಯ ಮಬ್ಬಿನಲ್ಲಿ ಮನುಷ್ಯನ ಕಣ್ಣಿನ ಪಾಪೆ 5ರಿಂದ 7 ಮಿಲಿಮೀಟರಿನಷ್ಟು ತೆರೆದುಕೊಳ್ಳುತ್ತದೆ, ವಯಸ್ಸಾದಂತೆ ಸ್ವಲ್ಪ ಕಡಿಮೆ. ಅದಕ್ಕಿಂತ ಕಿರಿದಾದ ಕಟ್ಟು ಬಂದರೆ ನೋಟ ಮಂಕಾಗುತ್ತದೆ. ಪ್ರಾಣಿಗಳು ಓಡಾಡುವುದೋ ಮುಂಜಾವಿನಲ್ಲಿ, ಇಲ್ಲವೇ ಹೊತ್ತು ಮುಳುಗುವಾಗ. ಆ ಹೊತ್ತಿನಲ್ಲಿ 40ರ ಲೆನ್ಸನ್ನು 6 ಪಟ್ಟಿಗೆ ಇಳಿಸಿದರೆ 6.7 ಮಿಲಿಮೀಟರ್ ಸಿಗುತ್ತದೆ; ಕಣ್ಣು ಅದಕ್ಕಿಂತ ಹೆಚ್ಚು ಬಳಸಿಕೊಳ್ಳಲಾರದು. 50 ಅಥವಾ 56ರ ಲೆನ್ಸ್ ಬೇಡವೆನ್ನುವುದಿಲ್ಲ. ಆದರೆ ಅದು ಭಾರ, ಜೊತೆಗೆ ಸ್ಕೋಪನ್ನು ನಳಿಕೆಯಿಂದ ಎತ್ತರಕ್ಕೆ ಕೂರಿಸಬೇಕಾಗುತ್ತದೆ. ಆಗ ಕೆನ್ನೆ ರೈಫಲಿನ ಹಿಡಿಯಿಂದ ಮೇಲೆದ್ದು ತಲೆ ಅತಂತ್ರವಾಗುತ್ತದೆ.

ಲೆನ್ಸಿನ ಗಾತ್ರಕ್ಕಿಂತ ಅದರ ಲೇಪನಕ್ಕೆ ಹಣ ಕೊಡುವುದು ಮೇಲು. ಲೇಪನವಿಲ್ಲದ ಗಾಜಿನ ಪ್ರತಿಯೊಂದು ಮೇಲ್ಮೈಯೂ ಸುಮಾರು 4 ಶೇಕಡಾ ಬೆಳಕನ್ನು ಹಿಂದಕ್ಕೆ ಎರಚುತ್ತದೆ. ಸ್ಕೋಪಿನೊಳಗೆ ಅಂಥ ಹತ್ತು ಮೇಲ್ಮೈಗಳಿದ್ದರೆ ಮೂರನೇ ಒಂದು ಭಾಗ ಬೆಳಕು ದಾರಿಯಲ್ಲೇ ಕಳೆದುಹೋಗುತ್ತದೆ. ಒಳ್ಳೆಯ ಬಹುಪದರ ಲೇಪನವಿದ್ದರೆ ಆ ನಷ್ಟ ಮೇಲ್ಮೈಗೆ ಅರ್ಧ ಶೇಕಡಾಕ್ಕಿಂತ ಕೆಳಗಿಳಿಯುತ್ತದೆ. ಹಾಗೆಯೇ, 30 ಮಿಲಿಮೀಟರ್ ಕೊಳವೆ ಒಂದು ಇಂಚಿನ ಕೊಳವೆಗಿಂತ ಹೆಚ್ಚು ಬೆಳಕು ಕೊಡುತ್ತದೆ ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ದಪ್ಪ ಕೊಳವೆಯಿಂದ ಮುಖ್ಯವಾಗಿ ಸಿಗುವುದು ಗುರಿಯನ್ನು ಮೇಲೆ ಕೆಳಗೆ ಹೊಂದಿಸಲು ಒಳಗೆ ಹೆಚ್ಚಿನ ಅವಕಾಶ.

ಈಗ ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ ಭಾಗಕ್ಕೆ ಬರೋಣ: ರೆಟಿಕಲ್, ಅಂದರೆ ಒಳಗೆ ಕಾಣುವ ಗುರಿಗೆರೆ. ಸ್ಕೋಪಿನೊಳಗೆ ಬಿಂಬ ಮೂಡುವ ಎರಡು ಜಾಗಗಳಿವೆ, ಅವೇ ಫೋಕಲ್ ಪ್ಲೇನುಗಳು. ಗೆರೆಯನ್ನು ಮೊದಲ ಫೋಕಲ್ ಪ್ಲೇನಿನಲ್ಲಿ ಇಡಬಹುದು, ಎರಡನೆಯದರಲ್ಲಿಯೂ ಇಡಬಹುದು. ಮೊದಲನೆಯದರಲ್ಲಿ ಇಟ್ಟರೆ ವರ್ಧನೆ ಏರಿದಂತೆ ಗೆರೆಗಳೂ ಹಿಗ್ಗುತ್ತವೆ. ಅದರ ಮೇಲಿನ ಗುರುತುಗಳ ಅಳತೆ ಯಾವ ವರ್ಧನೆಯಲ್ಲೂ ತಪ್ಪುವುದಿಲ್ಲ. ಎರಡನೆಯದರಲ್ಲಿ ಇಟ್ಟರೆ ಗೆರೆಗಳು ಸದಾ ಒಂದೇ ಗಾತ್ರದಲ್ಲಿ ಕಾಣುತ್ತವೆ. ಗುರುತುಗಳ ಅಳತೆ ಒಂದೇ ಒಂದು ವರ್ಧನೆಯಲ್ಲಿ, ಸಾಮಾನ್ಯವಾಗಿ ಗರಿಷ್ಠದಲ್ಲಿ, ಸರಿ. 12 ಪಟ್ಟಿನಲ್ಲಿ 1 ಮಿಲ್ (ಕೋನದ ಒಂದು ಅಳತೆ) ತೋರಿಸುವ ಗುರುತು 6 ಪಟ್ಟಿನಲ್ಲಿ 2 ಮಿಲ್ ಆಗಿರುತ್ತದೆ. ಇದನ್ನು ಮರೆತು ಅರ್ಧ ವರ್ಧನೆಯಲ್ಲಿ ಕೆಳಗಿನ ಗುರುತನ್ನು ಹಿಡಿದು ಹೊಡೆದವನ ಗುಂಡು ಗುರಿಯ ತಲೆಯ ಮೇಲೆ ಹಾರುತ್ತದೆ.

ಹಾಗಾದರೆ ಮೊದಲನೆಯದೇ ಉತ್ತಮವಲ್ಲವೇ? ಕಾಗದದ ಮೇಲೆ ಹೌದು. ಕಾಡಿನ ಮಬ್ಬಿನಲ್ಲಿ ವರ್ಧನೆಯನ್ನು 3ಕ್ಕೆ ಇಳಿಸಿದಾಗ ಅದೇ ಗೆರೆಗಳು ಕೂದಲೆಳೆಯಂತೆ ಸಣ್ಣಗಾಗಿ ಹಿನ್ನೆಲೆಯ ಕೊಂಬೆಗಳಲ್ಲಿ ಬೆರೆತುಹೋಗುತ್ತವೆ. ನೀವು ಹೇಳಿದ ದೂರಕ್ಕೆ ನನ್ನ ಮತ ಎರಡನೆಯ ಫೋಕಲ್ ಪ್ಲೇನಿಗೆ, ಅದರಲ್ಲೂ ಹೊರಭಾಗದಲ್ಲಿ ದಪ್ಪಗಿದ್ದು ನಡುವಿನಲ್ಲಿ ತೆಳುವಾಗುವ ಸರಳ ಗೆರೆಗಳಿಗೆ. ಲ್ಯೂಪೋಲ್ಡ್ ಕಂಪನಿ 1962ರಲ್ಲಿ ಡ್ಯೂಪ್ಲೆಕ್ಸ್ ಎಂಬ ಹೆಸರಿನಲ್ಲಿ ತಂದ ಈ ವಿನ್ಯಾಸ ಇಂದಿಗೂ ಚಲಾವಣೆಯಲ್ಲಿರುವುದು ಸುಮ್ಮನೆ ಅಲ್ಲ. ದಪ್ಪ ಭಾಗ ಕಣ್ಣನ್ನು ನಡುವಿಗೆ ಎಳೆದು ತರುತ್ತದೆ, ತೆಳು ಭಾಗ ಗುರಿಯನ್ನು ಮುಚ್ಚುವುದಿಲ್ಲ. ನಡುವೆ ಬೆಳಗುವ ಚುಕ್ಕೆ ಇದ್ದರೆ ಒಳ್ಳೆಯದು, ಅದನ್ನು ತೀರಾ ಮಂದವಾಗಿಸುವ ಅವಕಾಶವಿದ್ದರೆ ಮಾತ್ರ. ಕತ್ತಲಲ್ಲಿ ಪ್ರಖರ ಚುಕ್ಕೆ ಪ್ರಾಣಿಯನ್ನೇ ಮರೆಮಾಡುತ್ತದೆ. 600 ಮೀಟರ್ ಆಚೆ, ದೂರ ಗೊತ್ತಿಲ್ಲದ ಗುರಿಗಳಿಗೆ ಹೊಡೆಯುವ ಉದ್ದೇಶವಿದ್ದರೆ ನನ್ನ ಮತ ಬದಲಾಗುತ್ತದೆ.

ದೂರಕ್ಕೆ ತಕ್ಕಂತೆ ಗುಂಡು ಕೆಳಗಿಳಿಯುವುದನ್ನು ಸರಿದೂಗಿಸಲು ಗುರುತುಗಳನ್ನು ನೆಚ್ಚುವ ಬದಲು ಟರೆಟ್, ಅಂದರೆ ಗುರಿಯನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಸರಿಸಲು ಸ್ಕೋಪಿನ ಮೇಲಿರುವ ತಿರುಗುಬಿರಡೆ, ತಿರುಗಿಸಿ. ಟರೆಟ್ಟಿನ ಅಳತೆ ಮಿಲ್ ಅಥವಾ ಎಂಒಎ (ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಆಗಿರುತ್ತದೆ. 100 ಮೀಟರ್ ದೂರದಲ್ಲಿ 1 ಮಿಲ್ ಎಂದರೆ 10 ಸೆಂಟಿಮೀಟರ್, 1 ಎಂಒಎ ಎಂದರೆ ಸುಮಾರು 2.9 ಸೆಂಟಿಮೀಟರ್. ಮೀಟರಿನಲ್ಲಿ ಯೋಚಿಸುವವರಿಗೆ 0.1 ಮಿಲ್ ಕ್ಲಿಕ್ಕಿನ ಟರೆಟ್ ಸಲೀಸು: 100 ಮೀಟರಿನಲ್ಲಿ ಒಂದು ಕ್ಲಿಕ್ಕಿಗೆ 1 ಸೆಂಟಿಮೀಟರ್, 200ರಲ್ಲಿ 2, 300ರಲ್ಲಿ 3. .308 ವಿಂಚೆಸ್ಟರ್ ಎಂಬ ಬಗೆಯ ಗುಂಡು 100 ಮೀಟರಿನಲ್ಲಿ ಗುರಿಯಿಟ್ಟಲ್ಲೇ ಬೀಳುವಂತೆ ಹೊಂದಿಸಿದ್ದರೆ ಅದು 200ರಲ್ಲಿ ಸುಮಾರು 12 ಸೆಂಟಿಮೀಟರ್, 300ರಲ್ಲಿ ಸುಮಾರು 42 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಗುಂಡಿನ ತೂಕ, ವೇಗ ಬದಲಾದರೆ ಈ ಅಂಕಿಗಳೂ ಬದಲಾಗುತ್ತವೆ. ಮೇಲಿನ ಇಳಿತ ಸರಿದೂಗಿಸಲು ಕ್ರಮವಾಗಿ 6 ಕ್ಲಿಕ್ ಮತ್ತು 14 ಕ್ಲಿಕ್ ಬೇಕು. ಒಂದು ಎಚ್ಚರಿಕೆ: ರೆಟಿಕಲ್ ಒಂದು ಅಳತೆಯಲ್ಲಿ, ಟರೆಟ್ ಇನ್ನೊಂದು ಅಳತೆಯಲ್ಲಿ ಇರುವ ಸ್ಕೋಪುಗಳು ಈಗಲೂ ಮಾರಾಟವಾಗುತ್ತವೆ. ಅಂಥದನ್ನು ಕೊಂಡರೆ ಪ್ರತಿ ಹೊಡೆತಕ್ಕೂ 3.44ರಿಂದ ಗುಣಿಸುವ ಭಾಗ್ಯ ನಿಮ್ಮದು.

ಬೇಟೆಗೆ ಮುಚ್ಚಳವಿರುವ ಟರೆಟ್, ರೇಂಜಿಗೆ ತೆರೆದ ಟರೆಟ್ ಎಂಬುದು ಹಳೆಯ ವಿಂಗಡಣೆ. ತೆರೆದ ಟರೆಟ್ ಚೀಲಕ್ಕೋ ಕೊಂಬೆಗೋ ಉಜ್ಜಿ ತಾನಾಗಿ ತಿರುಗಿದರೆ ನಿಮಗೆ ಗೊತ್ತೇ ಆಗುವುದಿಲ್ಲ. ಇದಕ್ಕೆ ಸಿಕ್ಕಿರುವ ಒಳ್ಳೆಯ ರಾಜಿ ಎಂದರೆ ಮೇಲೆ ಕೆಳಗೆ ಹೊಂದಿಸುವ ಟರೆಟ್ ತೆರೆದಿದ್ದು ಬೀಗದಂತೆ ಕಚ್ಚಿ ನಿಲ್ಲುವುದು, ಎಡಬಲಕ್ಕೆ ಹೊಂದಿಸುವ ಪಕ್ಕದ ಟರೆಟ್ ಮುಚ್ಚಳದೊಳಗಿರುವುದು. ಹಿಂದಕ್ಕೆ ತಿರುಗಿಸಿದಾಗ ಸೊನ್ನೆಯಲ್ಲಿ, ಅಂದರೆ ಮೊದಲು ಹೊಂದಿಸಿದ ಸ್ಥಾನದಲ್ಲಿ, ತಾನೇ ನಿಲ್ಲುವ ವ್ಯವಸ್ಥೆಯೂ ಇದ್ದರೆ ಅದಕ್ಕೆ ಸ್ವಲ್ಪ ಹೆಚ್ಚು ಹಣ ಕೊಡಿ.

ಪ್ಯಾರಲಾಕ್ಸ್ ಬಗ್ಗೆ ಅನಗತ್ಯ ಭಯವಿದೆ. ತಲೆಯನ್ನು ಅಲುಗಿಸಿದಾಗ ಗೆರೆಗಳು ಗುರಿಯ ಮೇಲೆ ಸರಿದಂತೆ ಕಾಣುವುದೇ ಈ ದೋಷ. ಬೇಟೆಯ ಸ್ಕೋಪುಗಳಲ್ಲಿ ಹಲವು 100 ಗಜಕ್ಕೆ ಹೊಂದಿಸಿ ಬಂದಿರುತ್ತವೆ. 100ಕ್ಕೆ ಹೊಂದಿಸಿದ 40ರ ಲೆನ್ಸಿನ ಸ್ಕೋಪಿನಲ್ಲಿ 200ರ ಗುರಿಯನ್ನು ನೋಡಿದರೆ, ಕಣ್ಣು ಅಂಚಿನವರೆಗೆ ಸರಿದರೂ ತಪ್ಪು 2 ಸೆಂಟಿಮೀಟರಿಗೆ ಮೀರದು, 300ರಲ್ಲಿ 4. ಜಿಂಕೆಯ ಮಟ್ಟಿಗೆ ಇದು ಏನೂ ಅಲ್ಲ. ಮೂರು ಗುಂಡುಗಳನ್ನು ಒಂದೇ ಕಡೆ ಕೂರಿಸಲು ಹೊರಟವನಿಗೆ ಮಾತ್ರ ಇದು ದೊಡ್ಡದು. ಪಕ್ಕದ ಗುಬುಟು ಬೇಕು ಎಂದಿದ್ದು ಅದಕ್ಕೇ.

ಕಣ್ಣಿಗೂ ಹಿಂದಿನ ಲೆನ್ಸಿಗೂ ನಡುವೆ 9 ಸೆಂಟಿಮೀಟರಿನಷ್ಟು ಅಂತರ ಸಿಗುವಂತಿರಲಿ. ಗುಡ್ಡದ ಮೇಲ್ಮುಖವಾಗಿ, ಇಲ್ಲವೇ ಮಲಗಿ ಹೊಡೆಯುವಾಗ ಮುಖ ಅರಿವಿಲ್ಲದೆ ಮುಂದೆ ಜರುಗುತ್ತದೆ. ಬಂದೂಕಿನ ಒದೆತಕ್ಕೆ ಸ್ಕೋಪಿನ ಅಂಚು ಹುಬ್ಬಿನ ಮೇಲೆ ಅರ್ಧಚಂದ್ರ ಕೊರೆಯುತ್ತದೆ. ಮಳೆ ಮಂಜಿನ ವಿಚಾರದಲ್ಲಿ ಸಾರಜನಕ ಅಥವಾ ಆರ್ಗಾನ್ ತುಂಬಿ ಮುಚ್ಚಿದ್ದಾರೆಯೇ ಎಂದು ನೋಡಿದರೆ ಸಾಕು. ಇದೇ ಸ್ಕೋಪನ್ನು ಸ್ಪ್ರಿಂಗ್ ಗಾಳಿಬಂದೂಕಿಗೂ ಹಾಕುವ ಯೋಚನೆಯಿದ್ದರೆ, ಅದಕ್ಕೆ ತಕ್ಕದ್ದೆಂದು ತಯಾರಕರು ಹೇಳದ ಹೊರತು ಹಾಕಬೇಡಿ. ಆ ಬಂದೂಕು ಹಿಂದಕ್ಕೂ ಮುಂದಕ್ಕೂ ಒದೆಯುತ್ತದೆ. ದೊಡ್ಡ ರೈಫಲಿನ ಒದೆತ ತಾಳಿದ ಸ್ಕೋಪುಗಳೂ ಅದಕ್ಕೆ ಸೋತಿವೆ.

ಹಣವನ್ನೆಲ್ಲ ಸ್ಕೋಪಿಗೇ ಸುರಿದು ಅದನ್ನು ರೈಫಲಿಗೆ ಬಿಗಿಯುವ ರಿಂಗುಗಳಿಗೆ ಚಿಲ್ಲರೆ ಉಳಿಸಬೇಡಿ. ಸಾಧ್ಯವಾದಷ್ಟು ಕೆಳಗೆ, ಗರಿಷ್ಠ ವರ್ಧನೆಯಲ್ಲಿ ಕಣ್ಣಿಗೆ ಪೂರ್ತಿ ನೋಟ ಸಿಗುವ ಜಾಗದಲ್ಲಿ, ಗೆರೆ ನೆಟ್ಟಗೆ ನಿಲ್ಲುವಂತೆ ಕೂರಿಸಿ, ತಿರುಪುಗಳನ್ನು ತಯಾರಕರು ಹೇಳಿದಷ್ಟೇ ಬಿಗಿ ಮಾಡಿ. ಆಮೇಲೆ ಟೇಪು ಹಿಡಿದು ಅಳೆದ 100 ಮೀಟರಿನಲ್ಲಿ ಎತ್ತರದ ಹಲಗೆ ನಿಲ್ಲಿಸಿ, ತೂಗುಗುಂಡಿನ ನೆರವಿನಿಂದ ಅದರ ಮೇಲೆ ನೇರವಾದ ಗೆರೆ ಎಳೆಯಿರಿ. ಕೆಳಗಿನ ಚುಕ್ಕೆಗೆ ಮೂರು ಗುಂಡು ಹೊಡೆಯಿರಿ. 0.1 ಮಿಲ್ ಕ್ಲಿಕ್ಕಿನ ಟರೆಟ್ಟನ್ನು 50 ಕ್ಲಿಕ್ ಮೇಲೇರಿಸಿ ಅದೇ ಚುಕ್ಕೆಗೆ ಗುರಿಯಿಟ್ಟು ಮತ್ತೆ ಮೂರು. ಎರಡನೆಯ ಗುಂಪು ಮೊದಲನೆಯದಕ್ಕಿಂತ 50 ಸೆಂಟಿಮೀಟರ್ ಮೇಲೆ, ಗೆರೆಗುಂಟವೇ ಬಿದ್ದಿರಬೇಕು. ಸೊನ್ನೆಗೆ ಮರಳಿಸಿ ಹೊಡೆದಾಗ ಮೊದಲ ಗುಂಪಿನ ಮೇಲೇ ಬೀಳಬೇಕು. 50ರ ಬದಲು 49 ಬಂದರೆ, ಯಾವ ದೂರಕ್ಕೆ ಎಷ್ಟು ಕ್ಲಿಕ್ ಎಂಬ ನಿಮ್ಮ ಪಟ್ಟಿಯಲ್ಲಿ ತಿದ್ದಿಕೊಂಡು ಬದುಕಬಹುದು. ಗುಂಪು ಗೆರೆಯಿಂದ ಓರೆಯಾಗಿ ಸರಿದಿದ್ದರೆ ಕೂರಿಸಿದ್ದು ವಾರೆಯಾಗಿದೆ, ಬಿಚ್ಚಿ ಮತ್ತೆ ಕೂರಿಸಿ. ರಿಂಗು ಬಿಗಿಯಾಗಿದ್ದೂ ಸೊನ್ನೆಗೆ ಮರಳದಿದ್ದರೆ ವಾರಂಟಿ ಚೀಟಿ ಹುಡುಕಿ; ಆ ಸ್ಕೋಪನ್ನು ಕಾಡಿಗೆ ಒಯ್ಯಬೇಡಿ.