ಗೇಟ್‌ವೇ, ಡಿಎನ್‌ಎಸ್ ಎರಡಕ್ಕೂ ಒಂದೇ ನಂಬರ್ ಇದ್ದರೆ ತಪ್ಪೇ?

ಪ್ರಶ್ನೆ: ಲ್ಯಾಪ್‌ಟಾಪ್‌ನ ನೆಟ್‌ವರ್ಕ್ ವಿವರ ತೆರೆದು ನೋಡಿದರೆ ಡಿಫಾಲ್ಟ್ ಗೇಟ್‌ವೇ, ಡಿಎನ್‌ಎಸ್ ಸರ್ವರ್ ಎರಡರ ಮುಂದೆಯೂ 192.168.1.1 ಎಂದೇ ಇದೆ. ವೈ-ಫೈ ಸಿಗ್ನಲ್ ಪೂರ್ತಿ ಇದ್ದರೂ ಒಮ್ಮೊಮ್ಮೆ ವೆಬ್‌ಸೈಟ್ ತೆರೆಯುವುದಿಲ್ಲ. ಎರಡನ್ನೂ 8.8.8.8 ಮಾಡಿದರೆ ಸರಿಹೋಗುತ್ತದೆಯೇ?

ಉತ್ತರ: ಡಿಎನ್‌ಎಸ್ ಅನ್ನು 8.8.8.8ಕ್ಕೆ (ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ ಸರ್ವರ್) ಬದಲಾಯಿಸಿ ನೋಡಬಹುದು, ಗೇಟ್‌ವೇ ಮಾತ್ರ ಮುಟ್ಟಬೇಡಿ. ಮುಟ್ಟಿದರೆ ಈಗ ಒಮ್ಮೊಮ್ಮೆ ಕೈಕೊಡುವ ಇಂಟರ್ನೆಟ್ ಪೂರ್ತಿಯೇ ನಿಂತುಹೋದೀತು.

ಮನೆಯ ನೆಟ್‌ವರ್ಕ್‌ನಿಂದ ಹೊರಗೆ ಹೋಗಬೇಕಾದ ಪ್ಯಾಕೆಟ್‌ಗಳನ್ನೆಲ್ಲ (ಮಾಹಿತಿಯ ಸಣ್ಣ ತುಣುಕುಗಳನ್ನು) ಲ್ಯಾಪ್‌ಟಾಪ್ ಒಪ್ಪಿಸುವುದು ಗೇಟ್‌ವೇಗೆ, ಅಂದರೆ ನಿಮ್ಮ ರೂಟರ್‌ಗೆ. ಹಾಗಾಗಿ ಅದು ಲ್ಯಾಪ್‌ಟಾಪ್ ಇರುವ ನೆಟ್‌ವರ್ಕ್‌ನೊಳಗೇ ಇರಬೇಕು. ಸಬ್‌ನೆಟ್ ಮಾಸ್ಕ್ (ವಿಳಾಸದ ಎಷ್ಟು ಭಾಗ ನೆಟ್‌ವರ್ಕ್‌ನದು ಎಂದು ಹೇಳುವ ಸಂಖ್ಯೆ) 255.255.255.0 ಆಗಿದ್ದರೆ ಎರಡರ ಐಪಿ ವಿಳಾಸದ ಮೊದಲ ಮೂರು ಭಾಗ ಒಂದೇ ಆಗಿರಬೇಕು. ಡಿಎನ್‌ಎಸ್‌ಗೆ ಈ ಕಟ್ಟುಪಾಡಿಲ್ಲ. ವೆಬ್‌ಸೈಟ್ ಹೆಸರು ಕೊಟ್ಟರೆ ಐಪಿ ವಿಳಾಸ ಹೇಳುವ ಸರ್ವರ್ ಅದು; ಗೇಟ್‌ವೇ ದಾಟಿ ತಲುಪಲು ಆಗುವಂತಿದ್ದರೆ ಪ್ರಪಂಚದ ಯಾವ ಮೂಲೆಯಲ್ಲಿದ್ದರೂ ನಡೆಯುತ್ತದೆ.

ಎರಡಕ್ಕೂ ಒಂದೇ ನಂಬರ್ ಇರುವುದು ಮಾಮೂಲು. ಈ ಹೆಸರಿನ ವಿಳಾಸ ಯಾವುದು ಎಂದು ಲ್ಯಾಪ್‌ಟಾಪ್ ಕೇಳುವ ಪ್ರಶ್ನೆಯನ್ನು ಮನೆಯ ರೂಟರ್ ಇಂಟರ್ನೆಟ್ ಕಂಪನಿಯ ಡಿಎನ್‌ಎಸ್‌ಗೆ ದಾಟಿಸಿ, ಬಂದ ಉತ್ತರವನ್ನು ನಿಮಗೆ ಕೊಡುತ್ತದೆ. ಹೀಗೆ ದಾಟಿಸುವ ಕೆಲಸ ರೂಟರ್‌ನಲ್ಲಿ ಆಗಾಗ ಸಿಕ್ಕಿಹಾಕಿಕೊಳ್ಳುವುದುಂಟು, ಕಂಪನಿಯ ಸರ್ವರ್ ತಡಮಾಡುವುದೂ ಉಂಟು. ಆಗ ಮೊದಲೇ ಶುರುವಾದ ವಿಡಿಯೊ ಕರೆ ಮುಂದುವರಿಯುತ್ತದೆ, ಹೊಸ ವೆಬ್‌ಸೈಟ್ ಮಾತ್ರ ತೆರೆಯುವುದಿಲ್ಲ.

ದೋಷ ಎಲ್ಲಿದೆ ಎಂದು ಮೊದಲು ಖಚಿತಪಡಿಸಿಕೊಳ್ಳಿ. ತೊಂದರೆ ಇರುವಾಗಲೇ ಕಮಾಂಡ್ ಪ್ರಾಂಪ್ಟ್‌ನಲ್ಲಿ ಮೊದಲು 192.168.1.1ಕ್ಕೆ, ಆಮೇಲೆ 8.8.8.8ಕ್ಕೆ, ಕೊನೆಗೆ ಯಾವುದಾದರೂ ವೆಬ್‌ಸೈಟ್ ಹೆಸರಿಗೆ ಪಿಂಗ್ ಮಾಡಿ (ping ಎಂದು ಬರೆದು ಮುಂದೆ ಆ ವಿಳಾಸ ಕೊಟ್ಟರೆ ಅಲ್ಲಿಂದ ಉತ್ತರ ಬರುತ್ತದೆಯೇ ಎಂದು ತಿಳಿಯುತ್ತದೆ). ಮೊದಲನೆಯದೇ ವಿಫಲವಾದರೆ ವೈ-ಫೈ ಅಥವಾ ರೂಟರ್ ನೋಡಿ (ಪಿಂಗ್‌ಗೆ ಉತ್ತರಿಸದ ರೂಟರ್‌ಗಳೂ ಇವೆ, ಎರಡನೆಯದು ನಡೆದರೆ ಇದನ್ನು ಮರೆತುಬಿಡಿ). ಎರಡನೆಯದು ನಿಂತರೆ ರೂಟರ್‌ನಿಂದಾಚೆಗಿನ ಲೈನ್ ಕೆಟ್ಟಿದೆ, ಡಿಎನ್‌ಎಸ್ ಬದಲಾಯಿಸಿ ಪ್ರಯೋಜನವಿಲ್ಲ. ಎರಡೂ ನಡೆದು, ಹೆಸರು ಸಿಗಲಿಲ್ಲ ಎಂದು ಬಂದರೆ ಮಾತ್ರ ಡಿಎನ್‌ಎಸ್ ದೋಷ.

ಒಂದೊಂದು ಫೋನ್, ಲ್ಯಾಪ್‌ಟಾಪ್‌ನಲ್ಲೂ ಬದಲಾಯಿಸುತ್ತ ಕೂರುವುದಕ್ಕಿಂತ ರೂಟರ್‌ನಲ್ಲಿ ಒಮ್ಮೆ ಬದಲಾಯಿಸುವುದು ಒಳ್ಳೆಯದು. ಬ್ರೌಸರ್‌ನಲ್ಲಿ 192.168.1.1 ತೆರೆದು ಲಾಗಿನ್ ಆಗಿ, ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ಅಥವಾ ಡಿಎಚ್‌ಸಿಪಿ (ಸಾಧನಗಳಿಗೆ ಐಪಿ, ಡಿಎನ್‌ಎಸ್ ವಿವರ ಹಂಚುವ ವ್ಯವಸ್ಥೆ) ವಿಭಾಗದಲ್ಲಿ ಪ್ರೈಮರಿ ಡಿಎನ್‌ಎಸ್ 8.8.8.8, ಸೆಕೆಂಡರಿ 8.8.4.4 ಎಂದು ಕೊಡಿ. ಕ್ಲೌಡ್‌ಫ್ಲೇರ್ ಕಂಪನಿಯ 1.1.1.1, 1.0.0.1 ಜೋಡಿಯೂ ಆದೀತು. ವ್ಯಾನ್ (ರೂಟರ್‌ನಿಂದ ಹೊರಗಿನ ಇಂಟರ್ನೆಟ್ ಸಂಪರ್ಕ) ವಿಭಾಗದಲ್ಲೂ ಡಿಎನ್‌ಎಸ್ ಜಾಗ ಇರುತ್ತದೆ. ಅಲ್ಲಿ ಬದಲಾಯಿಸಿದರೆ ರೂಟರ್ ಹೊಸ ಸರ್ವರನ್ನು ಕೇಳುತ್ತದೆ ನಿಜ, ಆದರೆ ಲ್ಯಾಪ್‌ಟಾಪ್ ಕೇಳುವುದು ರೂಟರನ್ನೇ. ರೂಟರೇ ಸಿಕ್ಕಿಹಾಕಿಕೊಳ್ಳುತ್ತಿದ್ದರೆ ಇದರಿಂದ ಏನೂ ಆಗದು. ಸೇವ್ ಮಾಡಿದ ಮೇಲೆ ಪ್ರತಿ ಸಾಧನದ ವೈ-ಫೈ ಆಫ್ ಮಾಡಿ ಆನ್ ಮಾಡಿ. ಇಲ್ಲದಿದ್ದರೆ ಲೀಸ್ (ರೂಟರ್ ಕೊಟ್ಟ ಈ ವಿವರಗಳ ಅವಧಿ) ನವೀಕರಣವಾಗುವ ತನಕ ಹಳೆಯ ಡಿಎನ್‌ಎಸ್ಸೇ ಉಳಿಯುತ್ತದೆ.

ಸೆಕೆಂಡರಿ ಎಂದರೆ ಪ್ರೈಮರಿ ಕೆಟ್ಟಾಗ ಮಾತ್ರ ಬಳಕೆಗೆ ಬರುವುದು ಎಂದು ನಂಬಬೇಡಿ. ಎಲ್ಲ ಸಾಧನಗಳೂ ಆ ಕ್ರಮ ಪಾಲಿಸುವುದಿಲ್ಲ. ಮಕ್ಕಳಿರುವ ಮನೆ ಎಂದು ವಯಸ್ಕರ ಸೈಟ್ ತಡೆಯುವ 1.1.1.3 ಹಾಕಿ, ಜೊತೆಗೆ 8.8.8.8 ಇಟ್ಟರೆ ತಡೆದ ಸೈಟು ಒಮ್ಮೊಮ್ಮೆ ತೆರೆದೇಬಿಡುತ್ತದೆ. 1.1.1.3ರ ಸರಿಯಾದ ಜೋಡಿ 1.0.0.3.

ಬದಲಾಯಿಸಿದರೂ ಹಳೆಯ ಡಿಎನ್‌ಎಸ್ ಬಳಕೆಯಾಗುತ್ತಿದ್ದರೆ ಐಪಿವಿ6 (ಐಪಿ ವಿಳಾಸದ ಹೊಸ ಪದ್ಧತಿ) ನೋಡಿ, ಅದರ ಡಿಎನ್‌ಎಸ್ ಬೇರೆಯೇ ಇರುತ್ತದೆ. ಆಂಡ್ರಾಯ್ಡ್ ಫೋನ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್‌ಗೆ ಸರ್ವರ್ ಹೆಸರು ಕೊಟ್ಟಿದ್ದರೆ, ಬ್ರೌಸರ್‌ನಲ್ಲಿ ಸೆಕ್ಯೂರ್ ಡಿಎನ್‌ಎಸ್‌ಗೆ ಬೇರೆ ಸರ್ವರ್ ಆರಿಸಿದ್ದರೆ, ರೂಟರ್ ಹೇಳಿದ್ದನ್ನು ಅವು ಕೇಳುವುದಿಲ್ಲ. ಇನ್ನು ಡೌನ್‌ಲೋಡ್ ವೇಗ ಇದರಿಂದ ಹೆಚ್ಚುವುದಿಲ್ಲ. ಪೇಜ್ ತೆರೆಯಲು ಶುರುವಾಗುವ ಮುನ್ನಿನ ತಡ ಕೊಂಚ ಕಡಿಮೆಯಾದರೆ ಆಗಬಹುದು, ಅಷ್ಟೆ.